ಹೌದು, ಕುಡದಾಳ

ಚನ್ನಬಸಮ್ಮ ತಾನಾಗಿ ಜಗಳ ಹುಡುಕಿಕೊಂಡು ಹೋಗುವವಳಲ್ಲ. ಆದರೆ ಬಾಗಿಲಿಗೆ ಬಂದ ಜಗಳಕ್ಕೆ ಮಣೆ ಹಾಕದೆ ಕಳಿಸಿದ್ದೂ ಇಲ್ಲ. ಹಾವೇರಿ ಕಡೆಯ ಹೆಣ್ಣು. ನಾಗಸಂದ್ರದ ಅಪಾರ್ಟ್‌ಮೆಂಟಿಗೆ ಬಂದು ಎಷ್ಟೋ ವರ್ಷಗಳಾಗಿದ್ದರೂ ಮಾತು ಊರಿನದೇ, ಹಣೆಯ ವಿಭೂತಿಯೂ ಊರಿನದೇ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಗಂಡ ದ್ಯಾಮಣ್ಣ ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರಾಗಿದ್ದವನು, ಮೆತ್ತಗಿನ ಮನುಷ್ಯ. ಇಬ್ಬರಿಗೂ ಒಬ್ಬಳೇ ಮಗಳು, ಮೇಘಾ.

ಮೇಘಾ ಐದನೇ ಕ್ಲಾಸಿನಲ್ಲಿದ್ದಾಗಲೇ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆಯಲ್ಲಿ ಸುಧಾರಿಸುವ ನಮೂನೆಯದಲ್ಲ, ಪ್ರತಿ ಊಟಕ್ಕೂ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದದ್ದು. ಅಂದಿನಿಂದ ಚನ್ನಬಸಮ್ಮ ಕಾದಾಡದ ಜನರಿಲ್ಲ. ಪ್ರವಾಸಕ್ಕೆ ಕರೆದೊಯ್ಯುವುದಿಲ್ಲವೆಂದ ಹೆಡ್‌ಮಾಸ್ಟರ್ ಜೊತೆ, ಪರೀಕ್ಷೆಯ ಕೊಠಡಿಯೊಳಗೆ ಗ್ಲೂಕೋಸ್ ಪುಡಿ ಬಿಡುವುದಿಲ್ಲವೆಂದ ಮೇಲ್ವಿಚಾರಕರ ಜೊತೆ, ಹೆಣ್ಣು ಹುಡುಗಿ ಪಾಪ ಎಂದು ಲೊಚಗುಟ್ಟಿದ ನೆಂಟರ ಜೊತೆ. "ಪಾಪ ಅನ್ನಬ್ಯಾಡ್ರಿ. ಪಾಪ ಮಾಡಿದವರಿಗೆ ಅದನ್ನ ಇಟ್ಕೋರಿ" ಎಂಬುದು ನೆಂಟರಿಗೆ ಅವಳ ಕಾಯಂ ಉತ್ತರವಾಗಿತ್ತು. ಮಗಳೂ ಅದೇ ಹಟದಲ್ಲಿ ಬೆಳೆದಳು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಪೀಣ್ಯದ ಒಂದು ಪಂಪಿನ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗಕ್ಕೆ ಸೇರಿದಳು. ಅವಳು ಸರಿಯಿಲ್ಲವೆಂದು ಕೆಂಪು ಬಣ್ಣ ಬಳಿದ ಮಾಲನ್ನು ಪ್ಲಾಂಟ್ ಮ್ಯಾನೇಜರ್ ಬಂದು ಹೇಳಿದರೂ ಹೊರಗೆ ಬಿಡುತ್ತಿರಲಿಲ್ಲ. ಆ ಕಾರಣಕ್ಕೆ ಕೆಲವರಿಗೆ ಅವಳ ಮೇಲೆ ಗೌರವ, ಬಹಳ ಜನರಿಗೆ ಸಿಟ್ಟು.

ಆ ಶುಕ್ರವಾರ ಮಧ್ಯಾಹ್ನ ಚನ್ನಬಸಮ್ಮ ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತಿದ್ದಾಗ ಫೋನು ಬಂತು.

"ಆಂಟಿ, ನಾನು ಪ್ರಿಯಾಂಕಾ. ಮೇಘಾ ಅವ್ರ ಕಂಪನಿಯಿಂದ, ಎಚ್‌ಆರ್. ನೀವು ಸ್ವಲ್ಪ ಬಂದು ಅವ್ರನ್ನ ಕರ್ಕೊಂಡು ಹೋಗ್ತೀರಾ?"

"ಯಾಕವಾ, ಏನಾತು?"

"ಏನಿಲ್ಲ, ಗಾಬರಿ ಆಗ್ಬೇಡಿ. ಇವತ್ತು ಟೀಮ್ ಲಂಚ್ ಇತ್ತು..." ಆ ಹುಡುಗಿ ದನಿ ಇಳಿಸಿದಳು. "ಮೇಘಾಗೆ ಸ್ವಲ್ಪ ಜಾಸ್ತಿ ಆಗಿದೆ ಆಂಟಿ. ಡ್ರಿಂಕ್ಸು."

ಚನ್ನಬಸಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಮೇಲೆ ಕಿವಿಯಲ್ಲಿ ಗುಂಯ್ ಎಂದಿತು. ಅವರ ಮನೆತನದಲ್ಲಿ ಗಂಡಸರೇ ಹನಿ ಮುಟ್ಟಿದವರಲ್ಲ. ಒಲೆ ಆರಿಸಿದಳು, ಮಲಗಿದ್ದ ಗಂಡನಿಗೂ ಹೇಳದೆ ಆಟೋ ಹತ್ತಿದಳು. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ತುಮಕೂರು ರಸ್ತೆಯ ಲಾರಿಗಳ ಹಿಂದೆ ಆಟೋ ನಿಂತು ನಿಂತು ಹೋದಷ್ಟೂ ಬೈಗುಳಗಳ ಪಟ್ಟಿ ಬೆಳೆಯಿತು.

ಕಾರ್ಖಾನೆಯ ಫಸ್ಟ್ ಏಡ್ ರೂಮೆಂದರೆ ಸ್ಟೋರಿನ ಪಕ್ಕದ ಒಂದು ಸಣ್ಣ ಕೋಣೆ. ರೆಕ್ಸಿನ್ ಹೊದಿಸಿದ ಮಂಚ, ಮೇಲೊಂದು ಫ್ಯಾನು. ಮೇಘಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಒಂದು ಚಪ್ಪಲಿ ಕಾಲಿನಲ್ಲಿತ್ತು, ಇನ್ನೊಂದು ಇರಲಿಲ್ಲ. ಬಾಗಿಲ ಹೊರಗೆ ಇಬ್ಬರು ಮೂವರು ಗಂಡಸರು ನಿಂತು ಇವಳನ್ನು ಕಂಡೊಡನೆ ನಗು ಒಳಗೆಳೆದುಕೊಂಡರು.

"ಮೀಟಿಂಗ್‌ನಲ್ಲಿ ಏನೇನೋ ಮಾತಾಡಿದ್ರು ಆಂಟಿ, ನಾಲಿಗೆನೇ ಹೊರಳ್ತಿರ್ಲಿಲ್ಲ. ನಮ್ಮ ಪ್ಲಾಂಟ್ ಮ್ಯಾನೇಜರ್ ವಿನಾಯಕ್ ಸಾರ್ ಮೇಲೆ ಕೂಗಾಡಿದ್ರು. ಆಮೇಲೆ ನಡಿಯಕ್ಕಾಗ್ದೆ ಅಲ್ಲೇ ಕೂತ್ಬಿಟ್ರು" ಎಂದಳು ಪ್ರಿಯಾಂಕಾ. "ಸ್ವಲ್ಪ ಮಲಗಿದ್ರೆ ಇಳಿಯುತ್ತೆ ಅಂತ ಇಲ್ಲಿ ಕರ್ಕೊಂಡ್ ಬಂದ್ವಿ."

ಚನ್ನಬಸಮ್ಮ ಬಗ್ಗಿದಳು. ಬಿಯರಿನ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಬೈಗುಳಗಳ ನಡುವೆಯೂ ಸುಳ್ಳಾಗಿರಲಿ ಎಂದು ಒಳಗೊಳಗೇ ಬೇಡಿಕೊಂಡದ್ದೆಲ್ಲ ಅಲ್ಲಿಗೆ ಮುಗಿಯಿತು. "ಮೇಘಾ! ಏಳು!" ಎಂದಳು. ಮಗಳು ಏನೋ ಗೊಣಗಿ ಕೈ ಕೊಡವಿದಳು. ತಾಯಿಯ ಕೈ ತಾನಾಗಿ ಮೇಲೆದ್ದಿತು, ಹೊಡೆಯಲೆಂದೇ ಎದ್ದಿತು. ಇಷ್ಟು ಜನರೆದುರು ಮಾನ ಕಳೆದಳಲ್ಲ ಎಂಬುದೊಂದೇ ಆ ಕ್ಷಣದಲ್ಲಿ ಅವಳ ತಲೆಯಲ್ಲಿದ್ದದ್ದು. ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

ಕುತ್ತಿಗೆ ಒದ್ದೆಯಾಗಿತ್ತು. ಫ್ಯಾನಿನಡಿ ಮಲಗಿದವಳ ಕುತ್ತಿಗೆ ತಣ್ಣಗೆ ಬೆವೆತು ಅಂಟಂಟಾಗಿತ್ತು. ಮೇಲ್ದುಟಿಯ ಮೇಲೆ ಬೆವರಿನ ಮಣಿಗಳು. ತುಟಿ ಬಿಳಚಿಕೊಂಡಿತ್ತು.

ಈ ಬೆವರನ್ನು ಚನ್ನಬಸಮ್ಮ ಬಲ್ಲಳು. ಮಗಳು ಚಿಕ್ಕವಳಿದ್ದಾಗ ನಿದ್ದೆಯಲ್ಲಿ ಶುಗರ್ ಇಳಿದಾಗಲೆಲ್ಲ ಇದೇ ಬೆವರು ದಿಂಬನ್ನು ತೋಯಿಸುತ್ತಿತ್ತು.

"ಅಕಿ ಬ್ಯಾಗ್ ಎಲ್ಲೈತಿ? ಬ್ಯಾಗ್ ತರ್ರಿ! ಕ್ಯಾಂಟೀನಿನ್ಯಾಗ ಸಕ್ಕರಿ ಇರ್ತದಲ್ಲ, ಸಕ್ಕರಿ ತಗೊಂಬಾ, ಓಡು!"

ಅವಳ ದನಿಗೆ ಪ್ರಿಯಾಂಕಾ ನಿಜಕ್ಕೂ ಓಡಿದಳು. ಬ್ಯಾಗಿನಲ್ಲಿದ್ದ ಮೀಟರಿಗೆ ಬೆರಳ ರಕ್ತ ಹಚ್ಚಿದರೆ ಮೂವತ್ತೊಂದು ತೋರಿಸಿತು. ಎಪ್ಪತ್ತಕ್ಕಿಂತ ಇಳಿಯಬಾರದು. ಚನ್ನಬಸಮ್ಮ ಮಗಳನ್ನು ಎತ್ತಿ ಎದೆಗೊರಗಿಸಿಕೊಂಡು, ನುಂಗುತ್ತಾಳೆಂದು ಖಾತ್ರಿ ಮಾಡಿಕೊಂಡು, ಸಕ್ಕರೆ ನೀರನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿದಳು. "ನುಂಗವಾ. ಇನ್ನೊಂದು. ನುಂಗು. ಬೈಯೂದು ಆಮ್ಯಾಲೆ ಐತಿ, ಮೊದಲ ನುಂಗು."

ಬಾಗಿಲಿನ ಗಂಡಸರ ಕಡೆ ತಿರುಗಿ, "ನಿಂತು ನೋಡಾಕ ಇಲ್ಲೇನ್ ಬಯಲಾಟ ನಡದೈತೇನು? ಆಂಬುಲೆನ್ಸ್ ಕರೀರಿ!" ಎಂದಳು. ಅವರಲ್ಲಿ ಲಿಖಿತ್ ಎಂಬ ಹುಡುಗ ಕೈಯಲ್ಲಿದ್ದ ಫೋನನ್ನು ಜೇಬಿಗೆ ಸೇರಿಸಲು ಹೋದವನು ಹೊರಗೆ ತೆಗೆದು ಆಂಬುಲೆನ್ಸಿಗೆ ಕರೆ ಮಾಡಿದ. ಆ ಫೋನಿನಲ್ಲಿ ಅವನು ಅದಕ್ಕೂ ಮೊದಲು ಏನು ಮಾಡಿದ್ದನೆಂಬುದು ತಿಳಿದದ್ದು ಮರುದಿನ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಡ್ರಿಪ್ ಹಾಕಿದರು. ಮೇಘಾ ಕಣ್ಣು ಬಿಟ್ಟು "ಅವ್ವಾ, ನೀ ಯಾವಾಗ ಬಂದಿ?" ಎಂದಾಗ ಚನ್ನಬಸಮ್ಮ ಹೊರಗೆ ಹೋಗಿ ಕಾರಿಡಾರಿನ ಕುರ್ಚಿಯಲ್ಲಿ ಕುಳಿತಳು. ಚಮಚದ ಸಕ್ಕರೆ ನೀರು ಕೈಗೆ ಇನ್ನೂ ಅಂಟಿಕೊಂಡಿತ್ತು. ಹೊಡೆಯಲು ಎದ್ದದ್ದೂ ಅದೇ ಕೈ.

ಡಾಕ್ಟರ್ ಶಾಂತಿ ವಯಸ್ಸಾದ ಹೆಂಗಸು, ಅವಸರವಿಲ್ಲದೆ ಮಾತಾಡುವವಳು. ಬಂದು ಪಕ್ಕದಲ್ಲೇ ಕುಳಿತಳು.

"ನಂಗೊಂದು ತಿಳೀವಲ್ದು ಡಾಕ್ಟ್ರೇ" ಎಂದಳು ಚನ್ನಬಸಮ್ಮ. "ಕುಡದ್ರ ಶುಗರ್ ಏರ್ತೈತಿ ಅಂತಾರಲ್ಲ. ಇಳೀತು ಯಾಕ?"

"ಎಲ್ಲರೂ ಹಾಗೇ ಅಂದ್ಕೊಂಡಿರ್ತಾರೆ. ಬಿಯರ್ ಕುಡಿದ ತಕ್ಷಣ ಸ್ವಲ್ಪ ಏರಬಹುದು, ಜ್ಯೂಸು ಕೋಲಾ ಬೆರೆಸಿ ಕುಡಿದ್ರೂ ಏರುತ್ತೆ. ಅಪಾಯ ಇರೋದು ಆಮೇಲೆ. ನಾವು ಉಪವಾಸ ಇದ್ದಾಗ ಲಿವರ್ ತಾನು ಕೂಡಿಟ್ಟ ಸಕ್ಕರೇನ ಸ್ವಲ್ಪ ಸ್ವಲ್ಪ ರಕ್ತಕ್ಕೆ ಬಿಡ್ತಾ ಇರುತ್ತೆ. ಆಲ್ಕೋಹಾಲ್ ಬಂತು ಅಂದ್ರೆ ಅದನ್ನ ಹೊರಗೆ ಹಾಕೋದೇ ಅದಕ್ಕೆ ಮುಖ್ಯ ಕೆಲಸ ಆಗ್ಬಿಡುತ್ತೆ. ಸಕ್ಕರೆ ಬಿಡೋದು ನಿಲ್ಸುತ್ತೆ. ಆ ಹೊತ್ತಿಗೆ ಒಳಗೆ ಇನ್ಸುಲಿನ್ ಇದ್ದು, ಹೊಟ್ಟೆ ಖಾಲಿ ಇದ್ರೆ ಹೀಗೇ ಆಗೋದು." ಸ್ವಲ್ಪ ತಡೆದು ಹೇಳಿದಳು: "ಶುಗರ್ ಇಳಿದವರಿಗೂ ಕುಡಿದವರಿಗೂ ಹೊರಗಿನಿಂದ ನೋಡೋರಿಗೆ ವ್ಯತ್ಯಾಸ ಕಾಣಲ್ಲ. ಅದೇ ತೊದಲು, ಅದೇ ತೂರಾಟ, ಅದೇ ರೇಗಾಟ. ಬಾಯಲ್ಲಿ ವಾಸನೆ ಬೇರೆ ಬಂದ್ರೆ ಯಾರೂ ಶುಗರ್ ನೋಡಕ್ಕೆ ಹೋಗಲ್ಲ. ಇವಳನ್ನ ಇನ್ನಷ್ಟು ಹೊತ್ತು ಹಾಗೇ ಮಲಗಿಸಿದ್ದಿದ್ರೆ..."

ಬೆಳಗಿನವರೆಗೂ ಮತ್ತೆ ಇಳಿಯುವ ಭಯವಿರುತ್ತದೆ, ಇಲ್ಲೇ ಇರಲಿ ಎಂದು ಹೇಳಿ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಇಡ್ಲಿ ತಿನ್ನಿಸಿದ ಮೇಲೆ ಚನ್ನಬಸಮ್ಮ ಬಾಗಿಲು ಮುಂದೆ ಮಾಡಿ ಬಂದು ಕುಳಿತಳು.

"ಯಾವಾಗಿನಿಂದ ನಡದೈತಿ ಇದು?"

"ಕಾಲೇಜಿನಿಂದ. ಆಗೊಮ್ಮೆ ಈಗೊಮ್ಮೆ. ದಿನಾ ಅಲ್ಲವಾ."

"ದಿನಾ ಬ್ಯಾರೆ ಬೇಕಾಗಿತ್ತೇನು? ನಿನ್ನೆ ಏನಾತು, ಹೇಳು."

ಮೇಘಾ ಮುಚ್ಚಿಡಲಿಲ್ಲ. ಜರ್ಮನಿಗೆ ಹೋಗಬೇಕಾಗಿದ್ದ ಮಾಲು ಹೊರಟಿತೆಂಬ ಖುಷಿಗೆ ಪ್ಲಾಂಟ್ ಮ್ಯಾನೇಜರ್ ವಿನಾಯಕ್ ಎಲ್ಲರನ್ನೂ ಊಟಕ್ಕೆ ಕರೆದೊಯ್ದಿದ್ದ. ಬಿಯರ್ ಜಗ್ಗುಗಳನ್ನು ತರಿಸಿದ್ದೂ ಅವನೇ. ಊಟ ಇನ್ನೇನು ಬರುತ್ತದೆಂದು ಮೇಘಾ ಇನ್ಸುಲಿನ್ ತೆಗೆದುಕೊಂಡಳು. ಬಿಯರಿನಲ್ಲೂ ಸಕ್ಕರೆಯಿದೆಯೆಂದು ಲೆಕ್ಕ ಹಾಕಿ ಸ್ವಲ್ಪ ಹೆಚ್ಚೇ ತೆಗೆದುಕೊಂಡಳು. ಊಟ ಬರುವ ಹೊತ್ತಿಗೆ ಎರಡನೇ ಗ್ಲಾಸು ಮುಗಿದಿತ್ತು. ಬಿರಿಯಾನಿ ಬಂದಾಗ ಕಾರ್ಖಾನೆಯಿಂದ ಫೋನು. ಟೆಸ್ಟಿಂಗಿನಲ್ಲಿ ಪಂಪೊಂದು ಸೋರುತ್ತಿದೆ. ತಟ್ಟೆ ಅಲ್ಲೇ ಬಿಟ್ಟು ಓಡಿದಳು, ಶಾಪ್ ಫ್ಲೋರಿನ ಮೆಟ್ಟಿಲುಗಳನ್ನು ಹತ್ತಿಳಿದಳು. ಆಮೇಲಿನದು ನೆನಪಿಲ್ಲ.

"ಕುಡದ್ರ ಇಳೀತೈತಿ ಅಂತ ನಿಂಗ ಗೊತ್ತಿರಲಿಲ್ಲೇನು? ಇಷ್ಟ್ ವರ್ಷ ಡಾಕ್ಟ್ರ ಕಡೆ ಹೋಗೇವಿ. ಒಮ್ಮೆರ ಕೇಳಬೇಕಿಲ್ಲೋ?"

ಮೇಘಾ ತಾಯಿಯ ಮುಖ ನೇರವಾಗಿ ನೋಡಿದಳು. "ಹೆಂಗ್ ಕೇಳ್ಲಿ ಅವ್ವಾ? ಪ್ರತಿ ಸಲ ನೀ ಬಾಜೂಕ ಕುಂತಿರ್ತಿದ್ದಿ."

ಹೆಡ್‌ಮಾಸ್ಟರರಿಗೆ, ನೆಂಟರಿಗೆ, ಯಾರಿಗೂ ಉತ್ತರ ತಪ್ಪಿಸದ ಚನ್ನಬಸಮ್ಮ ಇಡ್ಲಿಯ ಡಬ್ಬಿ ತೊಳೆಯಲು ಎದ್ದು ಹೋದಳು.

ಅವರು ಮನೆಗೆ ಬರುವ ಮೊದಲೇ ವಿಡಿಯೋ ಬಂದಿತ್ತು. ಲಿಖಿತ್ ಅದನ್ನು ಕಾರ್ಖಾನೆಯ ಗೆಳೆಯರ ಗುಂಪಿಗೆ ಹಾಕಿದ್ದ; ಅಲ್ಲಿಂದ ಯಾರದೋ ಅಣ್ಣ, ಯಾರದೋ ಭಾವಮೈದ ಎಂದು ಹರಿದು ಅದು ದ್ಯಾಮಣ್ಣನ ಫೋನಿಗೇ ಬಂದು ತಲುಪಿತು. ಮೇಘಾ ಗೋಡೆ ಹಿಡಿದು ತೂರಾಡುತ್ತಿದ್ದಾಳೆ, ಕೈ ಬೀಸಿ ಏನೋ ತೊದಲುತ್ತಿದ್ದಾಳೆ, ಕೊನೆಗೆ ನೆಲದ ಮೇಲೆ ಕುಸಿದು ಕೂರುತ್ತಾಳೆ. ಹಿಂದಿನಿಂದ ಯಾರೋ "ಮೇಡಂಗೆ ಸಕ್ಕತ್ ಏರಿದೆ ಗುರು" ಎನ್ನುತ್ತಾರೆ, ನಗುತ್ತಾರೆ. ಮೇಘಾ ಅದನ್ನು ಒಮ್ಮೆ ನೋಡಿದಳು. ಮುಖ ಕಪ್ಪಿಟ್ಟಿತು. ಆದರೆ ಅವಳಂದದ್ದು ಬೇರೆಯೇ.

"ನೋಡ್ರಿ ಇಲ್ಲಿ. ಕೈ ಬೀಸೂ ಮುಂದ ಏನ್ ಹೇಳಾಕತ್ತೇನಿ ಕೇಳಿಸ್ಕೋರಿ. 'ಬ್ಯಾಗ್, ನನ್ ಬ್ಯಾಗ್' ಅಂತ ಹೇಳಾಕತ್ತೇನಿ."

ಇನ್ನೊಮ್ಮೆ ಹಾಕಿ ಕೇಳಿದರು. ನಿಜ. ನಗುವಿನ ನಡುವೆ ಅದು ಕೇಳಿಸುತ್ತಿತ್ತು. ಹಾಗಂದರೆ ಅವಳು ಸಹಾಯ ಕೇಳಿದ್ದಳು; ಕೇಳಿದ್ದನ್ನು ಚಿತ್ರ ಹಿಡಿದುಕೊಂಡಿದ್ದರು.

ಸೋಮವಾರ ನೋಟಿಸು ಬಂತು. ಕೆಲಸದ ವೇಳೆಯಲ್ಲಿ ಮದ್ಯಪಾನ ಮಾಡಿ ಅನುಚಿತವಾಗಿ ವರ್ತಿಸಿದ್ದಕ್ಕೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಅದರಲ್ಲಿತ್ತು. ಜೊತೆಗೇ ವಿನಾಯಕ್ ಖುದ್ದಾಗಿ ದ್ಯಾಮಣ್ಣನಿಗೆ ಫೋನು ಮಾಡಿದ. ಬಹಳ ಮರ್ಯಾದೆಯಿಂದ ಮಾತಾಡಿದ. ಬುಧವಾರ ಬನ್ನಿ, ಕೂತು ಮುಗಿಸೋಣ, ಹೆಣ್ಣುಮಗಳ ಭವಿಷ್ಯದ ಪ್ರಶ್ನೆ ಎಂದ.

"ಅವರಾ ದಾರಿ ಹೇಳಾಕತ್ತಾರ" ಎಂದ ದ್ಯಾಮಣ್ಣ ರಾತ್ರಿಯೂಟಕ್ಕೆ ಕೂತಾಗ. "ಶುಗರ್ ಇಳದು ಬಿದ್ಲು ಅಂತಷ್ಟ ಬರದುಕೊಟ್ರ ಸಾಕಂತ. ಬಿಯರ್ ಸುದ್ದೀನ ಬ್ಯಾಡಂತ. ನೋಟಿಸ್ ವಾಪಸ್ ತಗೋತಾರಂತ. ನೆಂಟರಿಗೂ ಅದನ್ನ ಹೇಳಬಹುದು. ಕುಡದಿರಲಿಲ್ಲ, ಕಾಯಿಲೆ ಆಗಿತ್ತು."

ಚನ್ನಬಸಮ್ಮನ ಕೈ ರೊಟ್ಟಿಯ ಮೇಲೆ ನಿಂತಿತು. ಆ ಮಾತು ಅವಳಿಗೆ ಎಷ್ಟು ಹಿತವಾಗಿ ಕೇಳಿಸಿತೆಂದರೆ ಅವಳಿಗೇ ನಾಚಿಕೆಯಾಯಿತು. ಬಿಯರು ಇರಲೇ ಇಲ್ಲ! ಒಂದು ಸಹಿ ಹಾಕಿದರೆ ಮಠದ ಸ್ವಾಮಿಗಳ ಎದುರೂ ಎಂದಿನಂತೆ ನಿಲ್ಲಬಹುದು.

"ಅಪ್ಪಾ, ನಾ ಹಂಗ ಬರಿಯಾಂಗಿಲ್ಲ" ಎಂದಳು ಮೇಘಾ. "ನಾ ಕುಡದಿದ್ದು ಖರೇ. ಶುಗರ್ ಇಳದಿದ್ದೂ ಖರೇ. ಕುಡದದ್ದಕ್ಕ ಇಳೀತು. ಅವರಿಗೆ ಎರಡರಾಗ ಒಂದು ಬೇಕು. ಒಂದಿನ ಕುಡುಕಿ ಅಂತಾರ, ಇನ್ನೊಂದಿನ ಕುಡದಾ ಇಲ್ಲಂತಾರ. ಬಿಯರ್ ತೆಗದುಬಿಟ್ರ ಆ ರೂಮಿನ್ಯಾಗ ಯಾಕ ಮಲಗಿಸಿದ್ರಿ ಅಂತ ಕೇಳಾಕಾ ಬರೂದಿಲ್ಲ. ವಾಸನಿ ಬಂತು ಅಂತ ಸಾಯಾಕ ಬಿಟ್ರಲ್ಲ, ಅದನ್ನ ಕೇಳಬೇಕು ನಾ."

"ಮರ್ಯಾದಿ ಹೋಗ್ತೈತಿ ಮಗಳ."

"ಹೋಗೂದು ನಂದು ತಾನ? ಹೋಗ್ಲಿ."

ದ್ಯಾಮಣ್ಣ ಹೆಂಡತಿಯ ಕಡೆ ನೋಡಿದ. ಇಂಥ ಹೊತ್ತಿನಲ್ಲಿ ಅವಳು ಗುಡುಗುತ್ತಾಳೆಂದು ಅವನಿಗೆ ಭರವಸೆ. ಅವಳು ಮಾತ್ರ ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಬುಧವಾರ ಮೂವರೂ ಹೋದರು. ವಿನಾಯಕನ ಚೇಂಬರಿಗೆ ಗಾಜಿನ ಗೋಡೆ. ಆಚೆ ಸಾಲಾಗಿ ಕೂತವರೆಲ್ಲ ಕಂಪ್ಯೂಟರ್ ನೋಡುವಂತೆ ಮಾಡಿ ಇತ್ತಲೇ ನೋಡುತ್ತಿದ್ದರು. ವಿನಾಯಕ್ ಕಾಫಿ ತರಿಸಿದ. ಪ್ರಿಯಾಂಕಾ ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಟೈಪು ಮಾಡಿ ಇಟ್ಟಿದ್ದ ಹಾಳೆಯನ್ನು ವಿನಾಯಕ್ ಮೇಘಾಳ ಮುಂದೆ ಸರಿಸಿದ.

"ನೋಡಮ್ಮ, ಇದ್ರಲ್ಲಿ ಡ್ರಿಂಕ್ಸ್ ವಿಷ್ಯನೇ ಇಲ್ಲ. ಆರೋಗ್ಯದ ತೊಂದ್ರೆಯಿಂದ ತಲೆ ಸುತ್ತಿ ಬಿದ್ದೆ, ಕಂಪನಿಯವರು ತಕ್ಷಣ ಚಿಕಿತ್ಸೆ ಕೊಡಿಸಿದರು ಅಂತ ಇದೆ. ಸೈನ್ ಹಾಕು, ನಾಳೆಯಿಂದ ಕೆಲ್ಸಕ್ಕೆ ಬಾ."

"ತಕ್ಷಣ ಚಿಕಿತ್ಸೆ ಕೊಟ್ಟೋರ್ ಯಾರು ಸಾರ್?" ಎಂದಳು ಮೇಘಾ.

"ಅದೆಲ್ಲ ಈಗ ಯಾಕೆ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ಬಿಯರ್ ತರ್ಸಿದ್ದು ನೀವು. ಬಿಲ್ ಕಂಪನಿದು. ನನಗಿಂತ ಜಾಸ್ತಿ ಕುಡಿದೋರು ಅವತ್ತು ವಾಪಸ್ ಬಂದು ಮಷಿನ್ ಮುಂದೆ ನಿಂತಿದ್ರು. ನೋಟಿಸ್ ನನಗೊಬ್ಬಳಿಗೆ ಯಾಕೆ ಸಾರ್?"

ವಿನಾಯಕ್ ನಗು ಇಳಿಸಿ ತಾಯಿಯ ಕಡೆ ತಿರುಗಿದ. ಹಣೆಯ ವಿಭೂತಿ, ಮೈತುಂಬ ಹೊದ್ದ ಸೆರಗು ಕಂಡು ಇಲ್ಲಿ ಕೆಲಸ ಸುಲಭವೆಂದುಕೊಂಡಿರಬೇಕು. "ಮೇಡಂ, ನೀವು ಸಂಸ್ಕಾರಸ್ಥರು. ನೀವೇ ಹೇಳಿ. ಮದುವೆ ಆಗ್ಬೇಕಾದ ಹುಡುಗಿ. 'ನಾನು ಕುಡ್ದಿದ್ದೆ' ಅಂತ ಅವಳೇ ಬರ್ಕೊಟ್ರೆ ನಿಮ್ಮ ಮನೆತನಕ್ಕೆ ಚೆನ್ನಾಗಿರುತ್ತಾ?" ಎಂದು ಎದ್ದು ಹೋಗಿ, ತುಸು ತೆರೆದಿದ್ದ ಬಾಗಿಲನ್ನು ಮುಚ್ಚಲು ಕೈ ಇಟ್ಟ.

"ಬಾಗಲಾ ಹಾಕಬ್ಯಾಡ್ರಿ" ಎಂದಳು ಚನ್ನಬಸಮ್ಮ.

"ಮೇಡಂ?"

"ತಗೀರಿ. ಪೂರ್ತಿ ತಗೀರಿ. ಎಲ್ಲಾರೂ ಕೇಳ್ಲಿ." ಅವಳು ಎದ್ದು ನಿಂತಳು. ಕೊನೆಯ ಬೆಂಚಿನವರೆಗೂ ತಲುಪುತ್ತಿದ್ದ ಆ ಹಳೆಯ ಕ್ಲಾಸ್‌ರೂಮಿನ ದನಿ ತಾನಾಗಿ ಬಂತು. "ಹೌದ್ರಿ, ನನ್ನ ಮಗಳು ಕುಡದಾಳ. ನಮ್ಮ ಮನಿತನದಾಗ ಯಾರೂ ಕುಡದಿಲ್ಲ, ಇಕಿ ಕುಡದಾಳ. ನಂಗ ಅದು ಸೇರಾಂಗಿಲ್ಲ. ಅದರ ಜಗಳ ನಾನೂ ಅಕೀನೂ ಮನ್ಯಾಗ ಮಾಡ್ಕೋತೇವಿ, ನಿಮ್ಮ ಉಸಾಬರಿ ಬ್ಯಾಡ. ನೀವು ಇದಕ್ಕ ಉತ್ತರ ಕೊಡ್ರಿ. ಇಕಿಗೆ ಸಕ್ಕರಿ ಕಾಯಿಲೆ ಐತಿ ಅಂತ ಕೆಲಸಕ್ಕ ಸೇರೂವಾಗ ಬರದುಕೊಟ್ಟಾಳೋ ಇಲ್ಲೋ?"

ವಿನಾಯಕ್ ಪ್ರಿಯಾಂಕಾಳ ಕಡೆ ನೋಡಿದ. ಅವಳು ತಲೆ ತಗ್ಗಿಸಿಯೇ "ಬರ್ದಿದ್ದಾರೆ ಸಾರ್" ಎಂದಳು.

"ಬ್ಯಾಗ್ ಬ್ಯಾಗ್ ಅಂತ ಬೇಡ್ಕೊಂಡಾಳ. ನಿಮ್ಮ ಹುಡುಗ್ರು ಅದನ್ನ ವಿಡಿಯೋ ಹಿಡದಾರ. ಮೂಗಿಗೆ ವಾಸನಿ ಬಂತು ಅಂತ ಕಣ್ಣ ಮುಚ್ಕೊಂಡ್ರಿ. ಕುಡದವರ ಜೀಂವಾ ಜೀಂವಾ ಅಲ್ಲೇನು? ಇಕಿ ಕುಡದಿರಲಿಲ್ಲ ಅಂತ ಸುಳ್ಳು ಬರದ್ರ ಅಷ್ಟ ಇಕಿ ಬದುಕಾಕ ಯೋಗ್ಯಳು, ಹಂಗೇನು?" ಮುಂದಿನದನ್ನು ಹೇಳುವುದು ಕಷ್ಟವಾಗಿತ್ತು. "ನಾನೂ ಅವತ್ತು ಹೊಡ್ಯಾಕ ಕೈ ಎತ್ತಿದ್ನಿ. ನನಗೂ ಮೊದಲ ವಾಸನೀನ ಬಡೀತು. ಹಡದಾಕಿಗೇ ಹಂಗಾತು. ಅದಕ್ಕಾ ಹೇಳಾಕತ್ತೇನಿ, ಇದನ್ನ ಮುಚ್ಚಿಡಬ್ಯಾಡ್ರಿ. ನೋಟಿಸ್ ಕೊಡೂದಾದ್ರ ಆ ಟೇಬಲ್ಲಿಗೆ ಕುಂತವರಿಗೆಲ್ಲ ಕೊಡ್ರಿ. ನೀವೂ ಒಂದು ಹರದು ಇಟ್ಕೋರಿ."

ಗಾಜಿನಾಚೆ ಯಾರೋ ಕೆಮ್ಮಿದರು. ಯಾರೂ ಕಂಪ್ಯೂಟರ್ ನೋಡುತ್ತಿರಲಿಲ್ಲ. ಲಿಖಿತ್ ಎದ್ದು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದ.

ಮೇಘಾ ಆ ಹಾಳೆಯನ್ನು ಮಡಚಿ ವಿನಾಯಕನ ಕಡೆಗೇ ಸರಿಸಿದಳು. "ನಂದು ನಾನೇ ಬರೀತೀನಿ ಸಾರ್. ಹೆಡ್ ಆಫೀಸ್‌ಗೂ ಒಂದು ಕಾಪಿ ಕಳಿಸ್ತೀನಿ."

ಬರೆದಳು. ಬಿಯರ್ ಕುಡಿದದ್ದು, ತಪ್ಪು ಲೆಕ್ಕದಲ್ಲಿ ಇನ್ಸುಲಿನ್ ತೆಗೆದುಕೊಂಡದ್ದು, ಊಟ ಬಿಟ್ಟದ್ದು, ಆಮೇಲೆ ಯಾರು ಏನು ಮಾಡಿದರು, ಏನು ಮಾಡಲಿಲ್ಲ, ಎಲ್ಲವನ್ನೂ. ತನ್ನ ತಪ್ಪನ್ನು ಮೊದಲು ಬರೆದಳು, ಉಳಿದವರದನ್ನು ಆಮೇಲೆ.

ಅದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ನೋಟಿಸನ್ನು ಯಾರೂ ಬಾಯಿಬಿಟ್ಟು ವಾಪಸ್ ತೆಗೆದುಕೊಳ್ಳಲಿಲ್ಲ, ಮತ್ತೆ ಆ ಸುದ್ದಿಯನ್ನು ಎತ್ತಲೂ ಇಲ್ಲ. ವಿನಾಯಕ್ ಅವಳ ಜೊತೆ ಮಾತಾಡುವುದನ್ನು ಬಿಟ್ಟ. ಕೆಲಸದ ಮಾತಿಗೂ ಇಮೇಲ್ ಕಳಿಸುತ್ತಿದ್ದ. ಆ ವರ್ಷ ಬರಬೇಕಾಗಿದ್ದ ಬಡ್ತಿ ಇನ್ನೊಬ್ಬನಿಗೆ ಹೋಯಿತು. ಬೇರೆ ಕಡೆ ನೋಡು ಎಂದು ಗೆಳತಿಯರು ಹೇಳಿದಾಗ ಮೇಘಾ, "ನಾನ್ಯಾಕೆ ಬಿಡ್ಲಿ? ಅವ್ರಿಗೆ ಮುಜುಗರ ಆಗ್ತಿದ್ರೆ ಅವ್ರೇ ಬಿಡ್ಲಿ" ಎಂದಳು. ಫಸ್ಟ್ ಏಡ್ ರೂಮಿಗೆ ಮಾತ್ರ ಒಂದು ಮೀಟರ್ ಬಂತು, ಗ್ಲೂಕೋಸ್ ಪೊಟ್ಟಣಗಳು ಬಂದವು. ತರಿಸಿ ಇಟ್ಟವಳು ಪ್ರಿಯಾಂಕಾ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಮೊದಲು ಆಂಬುಲೆನ್ಸ್ ಕರೆಯಬೇಕು ಎಂದು ಗೋಡೆಗೆ ಬರೆಸಿದವಳೂ ಅವಳೇ. ಲಿಖಿತ್ ಒಂದು ದಿನ ಕ್ಯಾಂಟೀನಿನಲ್ಲಿ ಎದುರಿಗೆ ಬಂದು ನಿಂತು "ಸಾರಿ ಮೇಡಂ" ಎಂದ. ಮೇಘಾ "ಆಯ್ತು" ಎಂದಳಷ್ಟೇ, ಪರವಾಗಿಲ್ಲ ಎನ್ನಲಿಲ್ಲ.

ಒಂದು ಸಂಜೆ ಶಿಫ್ಟ್ ಬಿಡುವಾಗ ರಾಜಗೋಪಾಲನಗರದಿಂದ ಬರುವ ಆಪರೇಟರ್ ಚಿರಂಜೀವಿ ಅವಳನ್ನು ಪಕ್ಕಕ್ಕೆ ಕರೆದ. ಐವತ್ತರ ಆಸುಪಾಸಿನ ಮನುಷ್ಯ, ಹೇಳಲೋ ಬೇಡವೋ ಎಂದು ಕೈಯಲ್ಲಿದ್ದ ಹೆಲ್ಮೆಟ್ಟನ್ನು ತಿರುಗಿಸುತ್ತಿದ್ದ.

"ಮೇಡಂ, ನಂಗೂ ಶುಗರ್ ಅದೆ. ಇಂಜೆಕ್ಷನ್ ಇಲ್ಲ, ಮಾತ್ರೆ. ಸಂಜೆ ಕೆಲ್ಸ ಬಿಟ್ಮೇಲೆ ಕಾಲಿ ಒಟ್ಟೇಲಿ ಒಂದು ಕ್ವಾರ್ಟರ್ ಆಕ್ತೀನಿ. ಎಷ್ಟೋ ದಿನ ಉಣ್ಣದೇನೆ ಮಲಗ್ಬಿಡ್ತೀನಿ. ಬೆಳಿಗ್ಗೆ ಎದ್ರೆ ಮೈಯೆಲ್ಲ ಬೆವ್ರು, ಕೈ ನಡುಕ. ಅದು ಎಣ್ಣೆ ಇಳೀತಿರೋದು ಅಂದ್ಕೊಂಡಿದ್ದೆ. ನಿಮ್ದು ಕೇಳಿದ್ಮೇಲೆ ಯಾಕೋ ಬಯ ಆಯ್ತು."

"ಕೆಲವು ಮಾತ್ರೆಗಳಿಂದಲೂ ಇಳಿಯುತ್ತೆ ಅಣ್ಣ. ಬೆವರು ಬಂದಾಗ ಒಂದ್ಸಲ ಶುಗರ್ ಚೆಕ್ ಮಾಡಿ. ಡಾಕ್ಟರ್ ಹತ್ರ ಹೋಗಿ ಕುಡಿಯೋದನ್ನೂ ಹೇಳಿ, ಮುಚ್ಚಿಡ್ಬೇಡಿ."

"ಬೈತಾರೆ."

"ಬೈಲಿ ಬಿಡಿ. ಬೈಸ್ಕೊಂಡು ಬದುಕೋಣ."

ಚಿರಂಜೀವಿ ನಕ್ಕ. ಮುಂದಿನ ವಾರ ಡಾಕ್ಟರ್ ಶಾಂತಿಯ ವಿಳಾಸ ಕೇಳಿ ಪಡೆದ.

ಇಷ್ಟರ ನಡುವೆ ಮನೆಯ ಜಗಳ ಮುಗಿದಿತ್ತೆಂದು ಯಾರೂ ತಿಳಿಯಬಾರದು. ಚನ್ನಬಸಮ್ಮ ಬಹಿರಂಗದಲ್ಲಿ ಮಗಳ ಪರ ನಿಂತವಳು ಅಡಿಗೆಮನೆಯಲ್ಲಿ ಒಂದು ದಿನವೂ ಬಿಟ್ಟುಕೊಡಲಿಲ್ಲ. ಮೇಘಾಳೂ ಇನ್ನು ಮುಂದೆ ಮುಟ್ಟುವುದಿಲ್ಲ ಎಂದು ಆಣೆ ಮಾಡಲಿಲ್ಲ. "ಸುಳ್ಳು ಆಣಿ ಯಾಕ ಮಾಡ್ಲಿ ಅವ್ವಾ? ಮುಟ್ಟಿದ್ರ ಮೊದಲ ಊಟ ಮಾಡ್ತೇನಿ, ಶುಗರ್ ನೋಡ್ಕೋತೇನಿ, ಜೋಡಿಗಿದ್ದವರಿಗೆ ಹೇಳಿರ್ತೇನಿ" ಎಂದಳು. "ಬಂಗಾರದಂಥಾ ವಿಚಾರ! ಊಟ ಮಾಡಿ ಸುಮ್ನ ಮನಿಗೆ ಬಂದ್ರ ಏನ್ ರೋಗ?" ಎಂದಳು ತಾಯಿ. ಹಾಗಿದ್ದೂ ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ, ಡಾಕ್ಟರ್ ಶಾಂತಿ ಮಗಳ ಹೆಸರು ಕೂಗಿದೊಡನೆ ಚನ್ನಬಸಮ್ಮ ಎದ್ದವಳು ಮತ್ತೆ ಕುಳಿತಳು. "ನೀನ ಹೋಗಿ ಬಾ. ನಾ ಇಲ್ಲೇ ಇರ್ತೇನಿ" ಎಂದಳು. ಬಾಗಿಲಾಚೆ ಮಗಳು ಏನು ಕೇಳುತ್ತಿದ್ದಾಳೋ ಎಂದು ಜೀವ ಚಡಪಡಿಸಿದರೂ ಏಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ದ್ಯಾಮಣ್ಣನ ಅಕ್ಕ ಗಂಗಮ್ಮ ದಾವಣಗೆರೆಯಿಂದ ಯಾರದೋ ಮದುವೆಗೆಂದು ಬಂದವಳು ಇವರ ಮನೆಗೂ ಬಂದಳು. ಮನೆತನಕ್ಕೆಲ್ಲ ಹಿರಿಯಳು. ದ್ಯಾಮಣ್ಣ ಹುಟ್ಟಿದಾಗಿನಿಂದ ಅವಳೆದುರು ದನಿ ಎತ್ತಿದವನಲ್ಲ. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಮೇಘಾ ಕೋಣೆಯಲ್ಲಿದ್ದಾಳೆಂದು ಗೊತ್ತಿದ್ದೂ ಗಂಗಮ್ಮ ಮಾತು ತೆಗೆದಳು.

"ಆ ವಿಡಿಯೋ ನಮ್ಮ ಕಡೀಗೂ ಬಂದಿತ್ತು ತಮ್ಮಾ. ನಾ ಎಲ್ಲಾರಿಗೂ ಹೇಳೇನಿ, ಅದು ನಮ್ಮ ಹುಡುಗಿ ಅಲ್ಲ, ಕಂಪ್ಯೂಟರಿನ್ಯಾಗ ಮುಖಾ ಅಂಟಿಸ್ಯಾರ ಅಂತ. ನೀವೂ ಹಂಗ ಹೇಳ್ರಿ. ಒಂದೆರಡು ವರ್ಷಕ್ಕ ಮರೀತಾರ."

ಚನ್ನಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಯಿ ತೆರೆಯುವುದರೊಳಗೆ, ಪೇಪರು ಮಡಚುತ್ತಿದ್ದ ದ್ಯಾಮಣ್ಣ ತಲೆಯೆತ್ತಿದ.

"ಯಾರೂ ಏನೂ ಅಂಟಿಸಿಲ್ಲಕ್ಕಾ" ಎಂದ. "ಅದು ನಮ್ಮ ಮೇಘಾನ. ಬಿಯರ್ ಕುಡದಿದ್ಲು, ಶುಗರ್ ಇಳೀತು, ಸಾಯಾಕಿ ಉಳದು ಬಂದಾಳ. ಯಾರರ ಕೇಳಿದ್ರ ಹಿಂಗ ಹೇಳು. ಮುಖಾ ಅಂಟಿಸ್ಯಾರ ಅಂತ ಮಾತ್ರ ಹೇಳಬ್ಯಾಡ. ನನ್ನ ಮಗಳ ಮುಖಾ ಅಕೀ ಮೈಮ್ಯಾಲನ ಐತಿ."

ಗಂಗಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. ತಮ್ಮ ತನಗೆ ಎದುರಾಡಿದ್ದು ಅವಳಿಗೆ ಆ ವಿಡಿಯೋಗಿಂತಲೂ ದೊಡ್ಡ ಸುದ್ದಿಯಾಗಿತ್ತು. ಹೊರಡುತ್ತೇನೆಂದು ಎದ್ದಳು. ಕುಂಕುಮ ಹಚ್ಚಿಸಿಕೊಂಡು ಚಪ್ಪಲಿ ಮೆಟ್ಟಿದಳು.

ಅವಳು ಲಿಫ್ಟಿನೊಳಗೆ ಹೋದ ಮೇಲೆ ಮೇಘಾ ಕೋಣೆಯಿಂದ ಹೊರಬಂದು ಅಪ್ಪನ ಪಕ್ಕ ಕುಳಿತಳು. ಚನ್ನಬಸಮ್ಮ ಗಂಡನನ್ನು ಮೊದಲ ಸಲ ಕಂಡವಳಂತೆ ನೋಡುತ್ತ ನಿಂತಿದ್ದಳು.

"ಏನ್ ನೋಡ್ತಿ?" ಎಂದ ದ್ಯಾಮಣ್ಣ. "ಹೋಗು, ಇನ್ನೊಂದೀಟು ಚಹಾ ಮಾಡು. ಎದಿ ಡವಡವ ಅನ್ನಾಕತ್ತೈತಿ."